ಮೇಲಿನ ಪಾಲು, ಕೆಳಗಿನ ಪಾಲು

ಮೊನ್ನೆ ಹೊಲದ ಬದುವಿನಲ್ಲಿ ನನ್ನ ಅಂಗಾಲಿಗೆ ಜಾಲಿಯ ಮುಳ್ಳು ಚುಚ್ಚಿತು. ಚಪ್ಪಲಿಯ ತೊಗಲನ್ನು ತೂರಿ ಬಂದ, ಬೆರಳುದ್ದದ ಬಿಳಿ ಮುಳ್ಳು. ಕುಳಿತು ಅದನ್ನು ಎಳೆದೆ. ಅಂಗೈಯಲ್ಲಿಟ್ಟುಕೊಂಡು ನೋಡಿದೆ. ನಗು ಬಂತು. ಬುತ್ತಿ ಹೊತ್ತು ಹಿಂದೆ ಬರುತ್ತಿದ್ದ ಸೊಸೆ ಕಾಶವ್ವ ನಿಂತುಬಿಟ್ಟಳು. ಮುಳ್ಳು ಚುಚ್ಚಿದಾಗ ಅಳುವವರನ್ನು, ಬೈಯುವವರನ್ನು ಆಕೆ ಕಂಡಿದ್ದಾಳೆ. ನಗುವ ಮುದುಕಿಯನ್ನು ಕಂಡಿರಲಿಲ್ಲ. ಏನಾಯಿತೆಂದು ಕೇಳಿದಳು.

"ಏನಿಲ್ಲವಾ," ಎಂದೆ. "ಈ ಮುಳ್ಳು ಯಾರ ಪಾಲಿಂದು ಅಂತ ವಿಚಾರ ಮಾಡಾಕ ಹತ್ತಿದ್ದೆ."

ಆಕೆ ಬುತ್ತಿ ಇಳಿಸಿ, ನನ್ನ ಹಣೆ ಮುಟ್ಟಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಕೆಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಪುರಸೊತ್ತಿದೆ, ಇಲ್ಲದಿದ್ದರೆ ಮುದುಕಿಯ ಮುಳ್ಳಿನ ಸುದ್ದಿ ಓದಲು ಕುಳಿತಿರುತ್ತಿರಲಿಲ್ಲ.

ಬೈಲಹೊಂಗಲದಿಂದ ಸವದತ್ತಿಯವರೆಗೆ, ಅತ್ತ ರಾಮದುರ್ಗದ ಪೇಟೆಯಲ್ಲೂ ನನ್ನನ್ನು ಜಾಲಿ ನೀಲವ್ವ ಎಂದೇ ಕರೆಯುತ್ತಾರೆ. ದೊಡ್ಡ ಮನೆತನದವರಿಗೆ ಹೆಸರಿನ ಜೊತೆಗೆ ವಾಡೆ ಇರುತ್ತದೆ, ಇನಾಮು ಇರುತ್ತದೆ. ನನಗೆ ಒಂದು ಗಿಡವಾದರೂ ಸಿಕ್ಕಿತಲ್ಲ ಎಂದು ಸಮಾಧಾನ. ಚಚಡಿಯ ತವರಿನಿಂದ ಹೂಲಿಯ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಅಕ್ಷರ ಬರುತ್ತಿರಲಿಲ್ಲ. ಜಾಲಿಯ ಅಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೈಲಹೊಂಗಲದ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಕಾರ ತೂಕ ಬರೆದುಕೊಳ್ಳುವುದನ್ನು ಎದುರು ನಿಂತು ನೋಡಿ ನೋಡಿಯೇ ಓದು ಕಲಿತೆ. ಎದುರು ನಿಂತು ಕಲಿತದ್ದರಿಂದ ಈಗಲೂ ಕೆಲವು ಅಕ್ಷರಗಳು ತಲೆಕೆಳಗಾಗಿದ್ದರೇ ನನಗೆ ಬೇಗ ಗುರುತು ಸಿಗುತ್ತವೆ.

ಜಾಲಿಯನ್ನು ಬೆಳೆಸಬೇಕು ಎಂದರೆ ಜನ ನಗುತ್ತಾರೆ. ತಾನೇ ಹುಟ್ಟುವ ಗಿಡ, ಅದನ್ನು ಬೆಳೆಸುವುದೇನು ಎನ್ನುತ್ತಾರೆ. ಹುಟ್ಟುವುದು ಬೇರೆ, ಬೇಕಾದಲ್ಲಿ ಹುಟ್ಟುವುದು ಬೇರೆ. ನಾನೂ ಮೊದಲು ಒಣ ಬೀಜ ಊರಿ, ಮಳೆಗಾಲವೆಲ್ಲ ಬಗ್ಗಿ ಬಗ್ಗಿ ನೋಡಿದವಳೇ. ಬೀಜ ಊರಿದಲ್ಲೇ ಹರಳುಗಲ್ಲಿನಂತೆ ಕುಳಿತಿತ್ತು. ಜಾಲಿಯ ಬೀಜಕ್ಕೆ ಎಚ್ಚರವಾಗಬೇಕಾದರೆ ಅದು ಆಡಿನ ಹೊಟ್ಟೆಯನ್ನು ಹಾದು ಬರಬೇಕು. ಆಡಿಗೆ ಕಾಯಿ ತಿನ್ನಿಸಿ, ಹಿಕ್ಕೆಯನ್ನೇ ಆರಿಸಿ ತಂದು ನೆಡಿರಿ. ಆಡು ಇಲ್ಲದವರು ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿಟ್ಟು ಮರುದಿನ ಊರಿರಿ. ಸಸಿಯಾದ ಮೇಲೆ ಮಾತ್ರ ಆಡನ್ನು ಹತ್ತಿರ ಬಿಡಬೇಡಿ. ಬೀಜವನ್ನು ಎಬ್ಬಿಸುವುದೂ ಅದೇ, ಎದ್ದದ್ದನ್ನು ತಿಂದು ಮುಗಿಸುವುದೂ ಅದೇ. ಆಳೆತ್ತರ ಬೆಳೆದರೆ ನಿಮ್ಮ ಕೆಲಸ ಮುಗಿಯಿತು. ಆಮೇಲೆ ಟೊಂಗೆ ಬೇಲಿಗೆ, ಕಾಯಿ ಆಡಿಗೆ, ತೊಗಟೆ ತೊಗಲು ಹದಮಾಡುವವರಿಗೆ, ಎಳೆಯ ಕಡ್ಡಿ ಹಲ್ಲಿಗೆ, ಬೊಡ್ಡೆ ನೇಗಿಲಿಗೆ, ಎತ್ತಿನ ಚಕ್ಕಡಿಗೆ.

ಎಲ್ಲಕ್ಕಿಂತ ಮಿಗಿಲು ಅಂಟು. ನಮ್ಮ ಕಡೆ ಬಾಣಂತಿಗೆ ತವರಿನವರು ಅಂಟಿನುಂಡಿ ಕಟ್ಟಿಕೊಡದಿದ್ದರೆ ಬೀಗರು ಮೊಮ್ಮಗಳ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ಕೊಳ್ಳುವಾಗ ಒಂದು ಹರಳನ್ನು ಕಾದ ತುಪ್ಪದಲ್ಲಿ ಹಾಕಿ ನೋಡಿರಿ. ಅರಳಿನ ಹಾಗೆ ಉಬ್ಬಿ, ಹಲ್ಲಿಗೆ ಸಿಕ್ಕೊಡನೆ ಪುಡಿಯಾದರೆ ಜಾಲಿಯದು. ಹಲ್ಲಿಗೆ ಮೆತ್ತಿಕೊಂಡು ಕಹಿ ಬಿಟ್ಟರೆ ಅದರಲ್ಲಿ ಬೇವಿನ ಅಂಟು ಸೇರಿದೆ. ಅಗಿಯುವಾಗ ಅಂಗಡಿಕಾರನ ಮುಖ ನೋಡುತ್ತಿರಿ. ನಾಲಗೆಗಿಂತ ಮೊದಲು ಅದೇ ಹೇಳಿಬಿಡುತ್ತದೆ.

ಮುಳ್ಳಿನ ಮಾತು ಹೇಳಲು ಹೋಗಿ ಅಂಗಡಿ ಹರವಿಕೊಂಡು ಕುಳಿತೆ. ಚಾಳಿ.

ಆಗ ನಮ್ಮ ಕಡೆಗೆ ಮೋಟಾರು ಬಂದಿರಲಿಲ್ಲ. ಪ್ಲೇಗಿನ ಭಯಕ್ಕೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದ ಜನ ಮತ್ತೆ ಮನೆ ಸೇರಿದ್ದರು. ಅತ್ತೆ ತೀರಿಕೊಂಡ ಮೇಲೆ ನನ್ನ ಗಂಡನಿಗೂ ಅವರ ಅಣ್ಣನಿಗೂ ಪಾಲಾಯಿತು. ಜಗಳವೇನಿಲ್ಲ, ಮನೆ ಚಿಕ್ಕದು, ಇಬ್ಬರು ಸೊಸೆಯರ ಬಾಯಿ ದೊಡ್ಡದು. ಇನ್ನೊಬ್ಬ ಸೊಸೆ ಎಂದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ ಗಂಗವ್ವ. ನನಗಿಂತ ಹಿರಿಯಳು, ಆದ್ದರಿಂದ ನನಗೆ ಗಂಗಕ್ಕ. ಮನೆಯ ನಡುವೆ ಗೋಡೆ ಎದ್ದಿತು, ಅಂಗಳ ಮಾತ್ರ ಒಂದೇ ಉಳಿಯಿತು. ಕರಿ ಮಣ್ಣಿನ ಎರಿ ಹೊಲ ಎರಡಾಯಿತು. ಹೊಲದ ನಡುವಿನ ಹೊಸ ಬದುವಿಗೆ ಸರಿಯಾಗಿ ಅತ್ತೆ ಬೆಳೆಸಿದ್ದ ದೊಡ್ಡ ಜಾಲಿ ಬಂತು. ಅಲ್ಲಿ ಪಾಲು ನಿಂತಿತು.

ಪಾಲು ಮಾಡಲು ಬಂದವರು ಮುರಗೋಡದ ಬಸಲಿಂಗಪ್ಪಜ್ಜ. ಗಡ್ಡ ನೀವಿಕೊಂಡರು.

"ಗಿಡಾ ನಡುವ ಸೀಳಾಕ ಬರೂದಿಲ್ಲ," ಎಂದರು. "ಒಬ್ಬಾಂವ ಮ್ಯಾಲಿಂದು ತಗೋರಿ, ಒಬ್ಬಾಂವ ಕೆಳಗಿಂದು ತಗೋರಿ. ನೆಲದ ಮ್ಯಾಲ ಇದ್ದದ್ದೆಲ್ಲಾ ಒಬ್ಬರದು. ನೆಳ್ಳು ಬಿದ್ದಷ್ಟು ನೆಲಾ, ಅದರ ಮ್ಯಾಲ ಬಿದ್ದದ್ದು, ಅದರ ಒಳಗ ಇದ್ದದ್ದು ಇನ್ನೊಬ್ಬರದು. ಸಣ್ಣಾಂವ ಮೊದಲ ಹೇಳಲಿ."

ಸಣ್ಣವರು ಎಂದರೆ ನಮ್ಮ ಮನೆಯವರು. ಅವರಿಗೆ ಯಾವುದನ್ನು ಕೇಳಿದರೂ ಎರಡೂ ಚೆನ್ನಾಗಿದೆ ಎನ್ನುವ ಸ್ವಭಾವ. ಅದಕ್ಕೆಂದೇ ನಾವಿಬ್ಬರು ಒಂದು ಒಪ್ಪಂದ ಮಾಡಿಕೊಂಡಿದ್ದೆವು: ನಾನು ಬಾಗಿಲ ಹಿಂದೆ ನಿಂತಿರುವುದು, ಒಪ್ಪಿಗೆಯಾದಲ್ಲಿ ಬಳೆ ಆಡಿಸುವುದು. ಅವರು ತಲೆ ಕೆರೆದುಕೊಳ್ಳುತ್ತ, "ಮ್ಯಾಲಿಂದು..." ಎಂದು ಎಳೆದರು. ನಾನು ಬಳೆ ಆಡಿಸಿದ ರಭಸಕ್ಕೆ ಅಂಗಳದ ಎಮ್ಮೆಯೂ ತಲೆಯೆತ್ತಿತು. ಅಂಟು, ಕಾಯಿ, ತೊಗಟೆ, ಕಟ್ಟಿಗೆ ಎಲ್ಲ ನನ್ನವು. ಕೆಳಗೇನಿದೆ? ನೆರಳಿಗೆ ಜೋಳ ಏಳುವುದಿಲ್ಲ. ಮುಳ್ಳು, ಇರುವೆ, ಒಂದಿಷ್ಟು ತರಗು. ಗಂಗಕ್ಕ ಒಳಗೆ ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ನನಗೆ ಅಂದು ಹೋಳಿಗೆಯಿಲ್ಲದೆಯೇ ಹಬ್ಬ.

ಕಣ್ಣಿಗೆ ಕಂಡದ್ದನ್ನೆಲ್ಲ ಲೆಕ್ಕ ಹಿಡಿದಿದ್ದೆ. ಒಂದು ಸಂಗತಿ ಮಾತ್ರ ಹೊಳೆದಿರಲಿಲ್ಲ. ಗಿಡ ಎನ್ನುವುದು ಬೀಳಿಸುತ್ತಲೇ ಬದುಕುವ ವಸ್ತು.

ಬೇಸಿಗೆಯಲ್ಲಿ ಅಂಟು ಒಸರಿತು. ಬೊಡ್ಡೆಯ ಮೇಲಿದ್ದದ್ದು ನನ್ನದು, ಹನಿಯಾಗಿ ಕೆಳಗೆ ಬಿದ್ದದ್ದು ಗಂಗಕ್ಕನದು. ಕಾಯಿ ಒಣಗಿತು. ತೂಗುವ ತನಕ ನನ್ನದು, ಗಾಳಿ ಬೀಸಿದರೆ ಆಕೆಯದು. ನಮ್ಮ ಸೀಮೆಯ ಗಾಳಿಯೇನು ಸಾಮಾನ್ಯವೇ? ನಾನು ಉದ್ದನೆಯ ಗಳ ಹಿಡಿದು ಬೆಳಗಿನಿಂದ ಜಗ್ಗುತ್ತಿದ್ದೆ. ಆಕೆ ಬದುವಿನ ಮೇಲೆ ಬುಟ್ಟಿ ಇಟ್ಟುಕೊಂಡು, ಏನೂ ಕೆಲಸವಿಲ್ಲದವಳಂತೆ ಮುಗಿಲು ನೋಡುತ್ತಿದ್ದಳು. ಸಂಜೆಗೆ ಇಬ್ಬರ ಬುಟ್ಟಿಯೂ ಸಮ. ನನ್ನ ರಟ್ಟೆ ಮಾತ್ರ ನೋಯುತ್ತಿತ್ತು.

ಮರುವರ್ಷ ನಾನು ತಲೆ ಓಡಿಸಿದೆ. ಕಂಬಳಿಗಳನ್ನು ಒಯ್ದು ಗಿಡದ ಕೆಳಗೆಲ್ಲ ಹಾಸಿದೆ. ಕಂಬಳಿಯ ಮೇಲೆ ಬಿದ್ದದ್ದು ನೆಲಕ್ಕೆ ಬಿದ್ದಂತಲ್ಲ ಎಂಬುದು ನನ್ನ ವಾದ. ಗಂಗಕ್ಕ ಬಂದು ಕಂಬಳಿಯ ಅಂಚು ಹಿಡಿದಳು.

"ಗಿಡಾ ನಿಂದು ಖರೇ. ಕಂಬಳಿ ಯಾರ ನೆಲದ ಮ್ಯಾಲ ಹಾಸೀದಿ?"

ನಾನೊಂದು ಕಡೆ ಎಳೆದೆ, ಆಕೆಯೊಂದು ಕಡೆ ಎಳೆದಳು. ಅತ್ತೆಯ ಕಾಲದ ಕಂಬಳಿ ಚರ್ರೆಂದು ಹರಿಯಿತು. ಆ ಸಿಟ್ಟಿನಲ್ಲಿ ನನ್ನ ಬಾಯಿಂದ ಮಾತು ಬಿತ್ತು.

"ಬಿದ್ದದ್ದ ಆರಸ್ಕೊಂಡ ತಿನ್ನೂದು ನಿನ್ನ ಹಣಿಯಾಗ ಬರದೈತಿ. ನಾ ಏನ ಮಾಡಲಿ?"

ಗಂಗಕ್ಕ ಕೈಯಲ್ಲಿದ್ದ ಕಂಬಳಿಯ ತುಂಡನ್ನು ಮಡಿಸಿ ನನ್ನ ಬುಟ್ಟಿಯಲ್ಲಿಟ್ಟಳು. ದನಿ ಏರಿಸಲಿಲ್ಲ. "ಮ್ಯಾಲಿಂದೆಲ್ಲಾ ಒಂದಿನ ಕೆಳಗ ಬರತೈತಿ, ನೀಲಾ," ಎಂದಳು. ಅಂದಿನಿಂದ ನಮ್ಮಿಬ್ಬರಿಗೆ ಮಾತು ನಿಂತಿತು.

ಅಣ್ಣತಮ್ಮಂದಿರು ಮಾತ್ರ ಪಾಲಾದ ಮೇಲೆ ಮೊದಲಿಗಿಂತ ಗೆಳೆಯರಾಗಿದ್ದರು. ಕಟ್ಟೆಯ ಮೇಲೆ ಕುಳಿತು ಒಂದೇ ಚೀಲದ ಎಲೆ ಅಡಿಕೆ ಹಾಕುತ್ತ, ನಮ್ಮ ಸದ್ದು ಕೇಳಿದರೆ ಮಳೆಯ ಸುದ್ದಿ ತೆಗೆಯುತ್ತಿದ್ದರು. ಆದರೆ ಒಂದೇ ಅಂಗಳದಲ್ಲಿದ್ದು ಹೆಂಗಸರು ಮಾತಾಡದೆ ಬದುಕುವುದು ಹೇಗೆ? ಅದಕ್ಕೆ ಗಂಗಕ್ಕನ ಎಮ್ಮೆ ಚಂದ್ರಿ ಇತ್ತು. ಹೇಳಬೇಕಾದ್ದನ್ನೆಲ್ಲ ಚಂದ್ರಿಗೆ ಹೇಳುತ್ತಿದ್ದೆವು. ಬಾವಿಯ ಹಗ್ಗ ಬೇಕೆಂದರೆ ಚಂದ್ರಿಗೆ, ಅತ್ತೆಯ ತಿಥಿ ಯಾವತ್ತೆಂದರೆ ಚಂದ್ರಿಗೆ. "ಚಂದ್ರೀ, ಕೆಲವರ ಮನ್ಯಾಗ ಒಗ್ಗರಣಿ ಸೀದರೂ ಮೂಗಿಗೆ ಹತ್ತೂದಿಲ್ಲ ನೋಡು," ಎಂದು ಆಕೆ ಮೈ ತಿಕ್ಕುತ್ತ ಹೇಳಿದರೆ ನಾನು ಒಲೆಯ ಕಡೆ ಓಡುತ್ತಿದ್ದೆ. ಅಷ್ಟು ಮಾತು ಕೇಳಿಸಿಕೊಂಡ ಎಮ್ಮೆ ನಮ್ಮ ಸೀಮೆಯಲ್ಲಿ ಇನ್ನೊಂದಿರಲಾರದು. ಇಷ್ಟಾದರೂ, ಗಂಗಕ್ಕ ಬಾಯಿ ತುಂಬ "ನೀಲಾ" ಎನ್ನುತ್ತಿದ್ದಳಲ್ಲ, ಅದು ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಸಂತೆಯಿಂದ ಗೆದ್ದು ಬಂದ ದಿನ ಹೇಳಿಕೊಳ್ಳಲು ಮನುಷ್ಯರು ಬೇಕು. ಎಮ್ಮೆ ಸಾಲದು.

ಅಷ್ಟರಲ್ಲಿ ನನ್ನ ಅಂಟಿನ ವ್ಯಾಪಾರ ಬೆಳೆದಿತ್ತು. ಸುತ್ತಲಿನ ಹಳ್ಳಿಗಳ ಅಂಟು ನನ್ನ ಮನೆಗೆ ಬರುತ್ತಿತ್ತು. ಅದನ್ನು ರಾಮದುರ್ಗಕ್ಕೆ ಒಯ್ಯಲು ಬೇರೆಯವರ ಚಕ್ಕಡಿಗೆ ಕಾಯುತ್ತ ಕೂರಬೇಕು. ನನ್ನದೇ ಒಂದು ಚಕ್ಕಡಿ ಬೇಕೆಂಬ ಆಸೆ ಹತ್ತಿತು. ಜಾಲಿ ಹೇಗೂ ಮುಪ್ಪಾಗುತ್ತ ಬಂದಿತ್ತು. ಬೈಲಹೊಂಗಲದಿಂದ ಕಾಳಪ್ಪ ಬಡಿಗೇರನನ್ನು ಕರೆಸಿದೆ. ಆತ ಗಿಡದ ಸುತ್ತ ತಿರುಗಿ, ಬೊಡ್ಡೆ ತಟ್ಟಿ, ಕೊನೆಗೆ ಕಾಲಿನಿಂದ ನೆಲ ಒದ್ದು ತೋರಿಸಿದ.

"ಉಳಿದದ್ದಕ್ಕೆಲ್ಲಾ ಮ್ಯಾಲಿನ ಕಟಿಗಿ ಸಾಕ್ರಿ ಅವ್ವಾರ. ಗಾಲಿ ನಡುವಿನ ಗುಂಬಕ್ಕ ಮಾತ್ರ ಬುಡದ ಗಡ್ಡಿನ ಆಗಬೇಕು. ನೆಲದಾಗಿಂದೊಂದು ಮೊಳಾ ಸೇರಿಸಿ ತಗೀಬೇಕ್ರಿ. ಇಲ್ಲಂದ್ರ ಅದು ಸೀಳತೈತಿ."

ಗಾಲಿಯ ಕಡ್ಡಿಗಳೆಲ್ಲ ಬಂದು ಸೇರುವುದು ಗುಂಬಕ್ಕೆ. ಗುಂಬವಿಲ್ಲದೆ ಗಾಲಿಯಿಲ್ಲ, ಗಾಲಿಯಿಲ್ಲದೆ ಚಕ್ಕಡಿಯಿಲ್ಲ. ಆ ಒಂದು ಮೊಳ ನನ್ನದಲ್ಲ.

ಕಾಳಪ್ಪನನ್ನು ಅಂಗಳದಲ್ಲಿ ಕೂರಿಸಿ, ನಾನು ಎಮ್ಮೆಯ ಮುಂದೆ ನಿಂತೆ. ಗಂಗಕ್ಕ ಗೋದಲಿಗೆ ಮೇವಿನ ಕಣಿಕೆ ಹಾಕುತ್ತಿದ್ದಳು. ನಾನು ಚಂದ್ರಿಗೆ ನನ್ನ ಗರಜು ಹೇಳಿದೆ. ಬೇರಿನ ಬದಲಿಗೆ ತೊಗಟೆಯಲ್ಲಿ ಅರ್ಧ ಎಂದೆ. ಆಕೆ ಇನ್ನೊಂದು ಹಿಡಿ ಕಣಿಕೆ ಹಾಕಿದಳು. ಟೊಂಗೆಯೆಲ್ಲ ಎಂದೆ. ಮತ್ತೊಂದು ಹಿಡಿ ಹಾಕಿದಳು. ಒಲೆಗೆ ವರ್ಷಕ್ಕಾಗುವಷ್ಟು ಕಟ್ಟಿಗೆ ಎಂದೆ. ಕಾಳಪ್ಪ ಒಮ್ಮೆ ನನ್ನನ್ನು, ಒಮ್ಮೆ ಎಮ್ಮೆಯನ್ನು ನೋಡುತ್ತ, ಇಂಥ ಮನೆಯ ಕೆಲಸ ಹಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ.

ಗಂಗಕ್ಕ ಕೈ ಕೊಡವಿಕೊಂಡಳು. "ಚಂದ್ರೀ, ಬೇರು ಬೇಕಂದ್ರ ತಗೊಂಡ ಹೋಗಂತ ಹೇಳು. ಬದಲಿಗೆ ನನಗೇನೂ ಬ್ಯಾಡ."

ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ. ಎದುರಿನವರು ಹೆಚ್ಚು ಕೇಳಿದರೆ ಹೆದರಬೇಡಿ, ಎಳೆದು ತರಬಹುದು. ಏನೂ ಬೇಡ ಎಂದರೆ ಹೆದರಿರಿ. ಎಳೆಯಲು ತುದಿಯೇ ಸಿಗುವುದಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಎಂದು ನನಗೆ ಅನ್ನಿಸಿತು. ಏನೆಂದು ಮಾತ್ರ ಹೊಳೆಯಲಿಲ್ಲ.

ಗಿಡ ಉರುಳಿದ ದಿನ ಹೊಳೆಯಿತು. ಕೊಡಲಿ ಏಟಿಗೆ ಬೊಡ್ಡೆ ಕಿರುಗುಟ್ಟಿ, ವಾಲಿ, ಧೂಳೆಬ್ಬಿಸಿ ಬಿತ್ತು. ಬೊಡ್ಡೆ, ಟೊಂಗೆ, ಕಾಯಿ, ಹಕ್ಕಿಯ ಗೂಡು, ಎಲ್ಲವೂ ನೆಲದ ಮೇಲೆ. ಅಜ್ಜನ ಕರಾರಿನಂತೆ ನೆಲಕ್ಕೆ ಬಿದ್ದದ್ದು ಯಾರದು? ಕಡಿಯುವವರೂ ನಿಂತರು, ಊರಿಗೆಲ್ಲ ಗೊತ್ತಿದ್ದ ಕರಾರು ಅದು. ಗಂಗಕ್ಕ ಬದುವಿನಿಂದ ಎದ್ದು, ಬಿದ್ದ ಗಿಡದ ಹತ್ತಿರ ಬಂದಳು. ತುದಿಯಿಂದ ಬುಡದವರೆಗೆ ಒಮ್ಮೆ ನೋಡಿದಳು. ಆಕೆ ಬಾಯಿ ತೆರೆದಿದ್ದರೆ ಹಿರಿಯರನ್ನು ಕರೆಸಬೇಕಾಗುತ್ತಿತ್ತು, ಚಕ್ಕಡಿ ಕನಸಾಗುತ್ತಿತ್ತು. ಆಕೆ ಬಗ್ಗಿ ಒಂದೇ ಒಂದು ಕಾಯಿ ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು ಮನೆಯ ಕಡೆ ನಡೆದಳು.

ರೋಹಿಣಿ ಮಳೆಗೆ ನೆಲ ಮೆತ್ತಗಾದ ಮೇಲೆ ಬುಡ ತೆಗೆಸಿದೆವು. ಎಳೆಬೇರುಗಳಲ್ಲಿ ಸಾಸಿವೆಯಂಥ ಸಣ್ಣ ಗಂಟುಗಳಿದ್ದವು. ಗಿಡಕ್ಕೆ ರೋಗವಿತ್ತೇನೋ, ಸರಿಯಾದ ಹೊತ್ತಿಗೆ ಕಡಿಸಿದೆ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಎಷ್ಟೋ ವರ್ಷದ ಮೇಲೆ ಸರಕಾರದ ಒಕ್ಕಲುತನದ ಸಾಹೇಬರೊಬ್ಬರು ಚಹಾ ಕುಡಿಯುತ್ತ ಹೇಳಿದರು: ಆ ಗಂಟುಗಳು ಗಾಳಿಯ ಸತ್ವವನ್ನು ಹಿಡಿದು ಮಣ್ಣಿಗೆ ಕೂಡಿಸುತ್ತವಂತೆ. ಅಷ್ಟು ಹೊತ್ತಿಗೆ ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ತಗ್ಗು ಮುಚ್ಚಿಸಿ ನೆಲ ಸಮ ಮಾಡಿಸಿಕೊಟ್ಟೆ. ಚಕ್ಕಡಿ ಸಿದ್ಧವಾಯಿತು. ಹೊಸ ಗಾಲಿಗೆ ಕುಂಕುಮ ಹಚ್ಚಿ ರಾಮದುರ್ಗಕ್ಕೆ ಹೋಗಿ ಬಂದೆ. ಮಾರಿದೆ, ಗೆದ್ದೆ. ಬಂದು ಚಕ್ಕಡಿ ಇಳಿದಾಗ ಅಂಗಳದಲ್ಲಿ ಎಮ್ಮೆ ಮಾತ್ರ ಇತ್ತು.

ಹಿಂಗಾರಿ ಜೋಳ ಮೊಳಕಾಲುದ್ದ ಬಂದಿತ್ತು. ಒಂದು ಬೆಳಗ್ಗೆ ದಿಬ್ಬದ ಮೇಲೆ ನಿಂತು ಹೊಲ ನೋಡಿದವಳು ಹಾಗೇ ನಿಂತೆ. ಎರಡೂ ಹೊಲಗಳ ಹಸಿರಿನ ನಡುವೆ ಒಂದು ದುಂಡನೆಯ ಕಪ್ಪು ಹಸಿರು. ಕಡಿದ ಗಿಡದ ನೆರಳು ಎಲ್ಲೆಲ್ಲಿ ಬೀಳುತ್ತಿತ್ತೋ ಅಷ್ಟು ಜಾಗದಲ್ಲಿ, ಅಷ್ಟೇ ಜಾಗದಲ್ಲಿ, ಜೋಳ ಬೇರೆಯೇ ಆಗಿ ಎದ್ದಿತ್ತು. ಗಿಡ ಹೋಗಿತ್ತು, ನೆರಳು ಹೋಗಿರಲಿಲ್ಲ. ಗಂಗಕ್ಕನ ನೆಲದಲ್ಲಿ ಹಸಿರಾಗಿ ಕುಳಿತಿತ್ತು. ತೆನೆ ಬಂದಾಗ ಅಲ್ಲಿನ ಜೋಳದಲ್ಲಿ ಆಳು ನಿಂತರೆ ಕಾಣುತ್ತಿರಲಿಲ್ಲ. ನಾನು ಗಳ ಹಿಡಿದು ಮ್ಯಾಲಿಂದು, ಮ್ಯಾಲಿಂದು ಎಂದು ಜಗ್ಗುತ್ತಿದ್ದಷ್ಟು ಕಾಲವೂ ಆ ಗಿಡ ಸದ್ದಿಲ್ಲದೆ ಕೆಳಗಿನವರ ಪಾಲಿಗೆ ಕೂಡಿಸುತ್ತಿತ್ತು. ಬಳೆ ಆಡಿಸಿದ ಕೈಯನ್ನು ನಾನು ಅಂದು ಬಹಳ ಹೊತ್ತು ನೋಡಿಕೊಂಡೆ.

ಸೀತನಿಯ ದಿನಗಳು ಬಂದವು. ಹಾಲು ತುಂಬಿದ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದರೆ ಅದೇ ಸೀತನಿ. ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ, ತಿಂದವರಿಗೆ ಹೇಳಬೇಕಾಗಿಲ್ಲ. ನಾನು ನನ್ನ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ಬದುವಿನಾಚೆ ಹೊಗೆ ಎದ್ದಿತು, ಪರಿಮಳ ಬಂತು. ನಾನು ಬೇಕೆಂದೇ ಬೆನ್ನು ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಗೆಜ್ಜೆಯ ಸದ್ದು. ಗಂಗಕ್ಕ ಚಂದ್ರಿಯ ಹಗ್ಗ ಹಿಡಿದು ಬದುವಿಗೆ ಬಂದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಬುಟ್ಟಿ, ಅದರಲ್ಲಿ ಬಿಸಿ ಸೀತನಿ, ನಂಚಿಕೊಳ್ಳಲು ಶೇಂಗಾದ ಖಾರದ ಹಿಂಡಿ, ಬೆಲ್ಲ. ಬುಟ್ಟಿಯನ್ನು ಬದುವಿನ ಮೇಲೆ ಇಟ್ಟಳು.

"ಚಂದ್ರೀ," ಎಂದಳು, "ನೆಲದ ಮ್ಯಾಲ ಇದ್ದದ್ದೆಲ್ಲಾ ಆಕಿದಂತ ಹಿರಿಯಾರು ಹೇಳ್ಯಾರ. ತೆನಿ ನೆಲದ ಮ್ಯಾಲ ಬೆಳದಾವು. ಆಕಿ ಪಾಲು ಆಕಿ ತಿನ್ನಲಂತ ಹೇಳು."

ಕಳೆ ತೆಗೆಯುವ ಕುರ್ಚಿಗಿ ಕೆಳಗಿಟ್ಟು ಬದುವಿನ ಹತ್ತಿರ ಬಂದೆ. ಎಮ್ಮೆ ಬುಟ್ಟಿಯ ಕಡೆ ಮೂತಿ ಚಾಚಿತು. ಇನ್ನು ಸುಮ್ಮನಿದ್ದರೆ ಸೀತನಿಯೂ ಹೋಗುತ್ತದೆ ಎಂದು ಬಾಯಿ ಬಿಟ್ಟೆ.

"ಗಂಗಕ್ಕಾ, ಚಂದ್ರಿ ಕಿವಿ ಸೋತಾವು. ಇನ್ನ ನನಗ ಹೇಳು."

ಆಕೆ ನಕ್ಕಳೋ ಅತ್ತಳೋ ಹೊಗೆಯಲ್ಲಿ ಕಾಣಲಿಲ್ಲ. ಬದುವಿನ ಮೇಲೆ ಒಂದೇ ಬುಟ್ಟಿಗೆ ಕೈ ಹಾಕಿ ಕುಳಿತೆವು. ಬೇರನ್ನು ಪುಕ್ಕಟೆ ಏಕೆ ಕೊಟ್ಟೆ ಎಂದು ಕೇಳದೆ ನನಗೆ ತಡೆಯಲಾಗಲಿಲ್ಲ.

"ಬಿದ್ದದ್ದ ಆರಸ್ಕೊಂಡ ತಿಂದಾಕಿ ಅಂದಿದ್ದಿಯಲ್ಲಾ, ನೀಲಾ," ಎಂದಳು. "ಒಮ್ಮೆರೆ ಕೊಟ್ಟು ನೋಡೂಣು ಅನಸ್ತು."

ನೀಲಾ ಎಂದಳು.

ಅಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದ ಕಾಯಿಯನ್ನು ಆಕೆ ತನ್ನ ಆಡಿಗೆ ತಿನ್ನಿಸಿದ್ದಳು. ಹಿಕ್ಕೆ ತಂದು ಬದುವಿನಲ್ಲಿ ಊರಿದ್ದಳು. ಗೇಣುದ್ದ ಸಸಿಯನ್ನು ಕಲ್ಲಿನ ಮರೆ ಸರಿಸಿ ನನಗೆ ತೋರಿಸಿದಳು. ಅದಕ್ಕೆ ಮುಳ್ಳು ಆಗಲೇ ಬಂದಿತ್ತು. ಈ ಗಿಡಕ್ಕೆ ಯಾವ ಹಿರಿಯರನ್ನೂ ಕರೆಸಲಿಲ್ಲ. ನಾನು ಅಂಟು ಬಿಡಿಸಿದೆ, ಆಕೆ ಬುಟ್ಟಿ ಹಿಡಿದಳು. ನಾನು ಗಳ ಹಿಡಿದೆ, ಆಕೆ ಕಂಬಳಿ ಹಾಸಿದಳು. ಆಕೆಯ ಹೆಣ್ಣುಮಕ್ಕಳ ಬಾಣಂತನಕ್ಕೆಲ್ಲ ಅಂಟಿನುಂಡಿ ಕಟ್ಟಿದ್ದು ಈ ಗಿಡದ ಅಂಟಿನಿಂದ. ಕಟ್ಟಿದವಳು ನಾನು.

ಹೋದ ಮಳೆಗಾಲದಲ್ಲಿ ಗಂಗಕ್ಕ ಲಿಂಗೈಕ್ಯಳಾದಳು. ನಮ್ಮಲ್ಲಿ ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಎಲ್ಲಿ ಎಂದು ಮಕ್ಕಳು ಕೇಳಿದಾಗ ನಾನು ಜಾಲಿಯ ಬುಡ ತೋರಿಸಿದೆ. ಅಲ್ಲಿ ಮಲಗಿದ್ದಾಳೆ. ಹೂ ಬಿಟ್ಟ ಕಾಲದಲ್ಲಿ ಆಕೆಯ ಮೇಲೆ ಹಳದಿ ಉದುರುತ್ತಲೇ ಇರುತ್ತದೆ. ಮುರಗೋಡದ ಅಜ್ಜ ಮಾಡಿದ ಪಾಲು ಕೊನೆಗೂ ಹಾಗೆಯೇ ನಿಂತಿತು: ಕೆಳಗಿನದು ಆಕೆಯದು, ಮೇಲೆ ಇನ್ನೂ ನಾನು.

ಮೊನ್ನೆ ಮುಳ್ಳು ಚುಚ್ಚಿದ್ದು ಅಲ್ಲಿಯೇ. ಗಿಡದಲ್ಲಿದ್ದಾಗ ಅದು ನನ್ನದು, ಬಿದ್ದ ಮೇಲೆ ಆಕೆಯದು. ಸತ್ತ ಮೇಲೂ ಆಕೆ ತನ್ನ ಪಾಲಿನಿಂದಲೇ ನನ್ನನ್ನು ಕೆಣಕಿದ್ದಳು. ನಗದೆ ಇನ್ನೇನು ಮಾಡಲಿ? ಕಾಶವ್ವ ಬುತ್ತಿ ಬಿಚ್ಚಲು ಆಚೆ ಹೋದಾಗ ಮುಳ್ಳನ್ನು ಬುಡದ ಮಣ್ಣಿನ ಮೇಲೆ ಮೆಲ್ಲಗೆ ಇಟ್ಟೆ. "ತಗೋ ಗಂಗಕ್ಕಾ, ನಿಂದು ನಿನಗ," ಎಂದೆ. ಗಾಳಿ ಬೀಸಿತು. ನನ್ನ ತಲೆಯ ಮೇಲಿನಿಂದ ಒಣಗಿದ ಕಾಯಿಯೊಂದು ಬಂದು ನನ್ನ ಕಾಲ ಬಳಿಯೇ ಬಿತ್ತು. ಕೈ ಚಾಚಿದ್ದೆ. ಹಿಂದಕ್ಕೆ ತೆಗೆದುಕೊಂಡೆ.